ನಕ್ಷೆ ಮಾಲೀಕರ ಹೆಸರಿನಲ್ಲಿ, ಕಡತ ಗುತ್ತಿಗೆದಾರರ ಮೊಬೈಲಿನಲ್ಲಿ

ಮಾನ್ಯ ಸಂಪಾದಕರೇ,

‘ನಕ್ಷೆಯಿಂದ ಗೃಹಪ್ರವೇಶದವರೆಗೆ ಎಲ್ಲವೂ ನಮ್ಮದೇ ಜವಾಬ್ದಾರಿ’ ಎಂಬ ಫಲಕ ಈಗ ಹೊಸ ಬಡಾವಣೆಗಳ ತಿರುವು ತಿರುವಿನಲ್ಲೂ ಕಾಣುತ್ತದೆ. ಚದರ ಅಡಿಗೆ ಇಷ್ಟು ಎಂದು ದರ ಹೇಳುವ ಗುತ್ತಿಗೆದಾರರು ಮನೆ ಕಟ್ಟಿಸುವವರಿಂದ ಮೊದಲು ಕೇಳುವುದು ಮುಂಗಡ. ಅದರ ಬೆನ್ನಿಗೇ ಬರುವ ಮಾತು, ‘ಪೇಪರ್ಸ್ ಎಲ್ಲಾ ವಾಟ್ಸ್‌ಆಪ್ ಮಾಡ್ಬಿಡಿ ಸಾರ್, ಪ್ಲಾನ್ ನಾವು ಮಾಡಿಸ್ಕೋತೀವಿ’. ಕ್ರಯಪತ್ರ, ಖಾತೆ, ಇಸಿ (ಋಣಭಾರ ಪತ್ರ), ಕಂದಾಯ ರಸೀದಿ, ಆಧಾರ್, ಫೋಟೊ ಎಲ್ಲವೂ ಅರ್ಧ ಗಂಟೆಯಲ್ಲಿ ಮಾಲೀಕರ ಕೈಬಿಟ್ಟು ಹೋಗುತ್ತವೆ. ಜವಾಬ್ದಾರಿಯೂ ಅವುಗಳ ಜೊತೆಗೇ ಹೋಯಿತೆಂದು ಮಾಲೀಕರು ನಂಬುತ್ತಾರೆ. ಕಾಗದ ಹೋಗಿರುವುದು ನಿಜ, ಜವಾಬ್ದಾರಿ ಹೋಗಿರುವುದಿಲ್ಲ. ಈ ಎರಡನ್ನೂ ಸೇರಿಸಿ ನೋಡುವ ಅಭ್ಯಾಸ ನಮ್ಮಲ್ಲಿ ಇಲ್ಲದ ಕಾರಣ ಈ ಪತ್ರ.

ಮೊದಲು ಜವಾಬ್ದಾರಿಯ ಮಾತು. ಮಹಾನಗರ ಪಾಲಿಕೆಯಿರುವ ಊರಿನಲ್ಲಿ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 299ನೇ ಕಲಮು, ಪುರಸಭೆ-ನಗರಸಭೆಗಳಲ್ಲಿ 1964ರ ಪೌರಸಭೆಗಳ ಕಾಯ್ದೆಯ 187ನೇ ಕಲಮು, ಗ್ರಾಮ ಪಂಚಾಯಿತಿಯಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮು ಕಟ್ಟಡದ ಅನುಮತಿಗೆ ಸಂಬಂಧಿಸಿದವು. ಬೆಂಗಳೂರಿಗೆ ಈಗ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದಿದೆ. 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳಾಗಿವೆ. ಕಾಯ್ದೆ ಯಾವುದೇ ಇರಲಿ, ಅರ್ಜಿದಾರ ಎಂದರೆ ಕಟ್ಟಿಸುವವನು. ಪರವಾನಗಿ ಅವನ ಹೆಸರಿಗೆ ಬರುತ್ತದೆ, ನೋಟಿಸ್ ಬಂದರೂ ಅವನ ಹೆಸರಿಗೇ. ನಕ್ಷೆ ಮೀರಿದರೆ ಪಾಲಿಕೆ 1976ರ ಕಾಯ್ದೆಯ 321ನೇ ಕಲಮಿನಡಿ ಮೊದಲು ತಾತ್ಕಾಲಿಕ ಆದೇಶ ಕೊಟ್ಟು ಕಾರಣ ಕೇಳುತ್ತದೆ, ಸಮಾಧಾನವಾಗದಿದ್ದರೆ ದೃಢೀಕರಿಸಿ ತೆರವಿಗೆ ಇಳಿಯುತ್ತದೆ. ‘ಮೇಸ್ತ್ರಿ ಹಾಗೆ ಕಟ್ಟಿಬಿಟ್ಟ’ ಎಂಬುದು ಅಲ್ಲಿ ಉತ್ತರವಾಗುವುದಿಲ್ಲ.

ನಕ್ಷೆಗೆ ಸಹಿ ಹಾಕುವ ವಾಸ್ತುಶಿಲ್ಪಿ ಅಥವಾ ನೋಂದಾಯಿತ ಎಂಜಿನಿಯರ್ ತಮ್ಮ ಸಹಿಗೆ ಹೊಣೆ. ಅಳತೆ ಸುಳ್ಳಾದರೆ, ನಿಯಮಕ್ಕೆ ಹೊಂದದ್ದನ್ನು ಹೊಂದುತ್ತದೆ ಎಂದು ಬರೆದರೆ ಅವರ ನೋಂದಣಿಗೇ ಕುತ್ತು. ಗುತ್ತಿಗೆದಾರ ನಕ್ಷೆಯಂತೆ ಕಟ್ಟಲು ಹೊಣೆ, ಅದೂ ನಿಮ್ಮ ನಡುವಿನ ಕರಾರಿನ ಮೇಲೆ. ಕರಾರು ಬಾಯಿಮಾತಿನದಾಗಿದ್ದರೆ ಹೊಣೆಯೂ ಬಾಯಿಮಾತಿನದೇ. ಫ್ಲ್ಯಾಟ್ ಕೊಳ್ಳುವವರ ಕಥೆ ಬೇರೆ. ಅಲ್ಲಿ ಅನುಮತಿಯಿಂದ, ಕಟ್ಟಡದಲ್ಲಿ ವಾಸಿಸಬಹುದೆಂದು ಹೇಳುವ ಸ್ವಾಧೀನಾನುಭವ ಪತ್ರದವರೆಗೆ, ಅಂದರೆ ಒಸಿಯವರೆಗೆ, ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯಡಿ ಪ್ರವರ್ತಕನದ್ದೇ, ಅಂದರೆ ಬಿಲ್ಡರ್‌ನದ್ದೇ ಹೊಣೆ. ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಸುವವನಿಗೆ ಆ ನೆರಳಿಲ್ಲ.

ಆದ್ದರಿಂದ ಕರಾರಿನಲ್ಲಿ ‘ಪ್ಲಾನ್ ಅಪ್ರೂವಲ್ ಸೇರಿ’ ಎಂಬ ಮೂರು ಪದ ಸಾಲದು. ಹೆಚ್ಚುಕಡಿಮೆ ಹೀಗೆ ಬರೆಸಿಕೊಳ್ಳಿ: ‘ನಕ್ಷೆ ಅನುಮೋದನೆಯ ಅರ್ಜಿದಾರರು ಮಾಲೀಕರು. ನಕ್ಷೆಯ ತಯಾರಿ, ಸಹಿ ಮತ್ತು ಅರ್ಜಿ ಸಲ್ಲಿಕೆ ಎಂಜಿನಿಯರ್ ಅವರದ್ದು. ಸರ್ಕಾರಿ ಶುಲ್ಕವನ್ನು ಮಾಲೀಕರೇ ಸ್ಥಳೀಯ ಸಂಸ್ಥೆಗೆ ನೇರವಾಗಿ ಪಾವತಿಸತಕ್ಕದ್ದು. ಅನುಮೋದಿತ ನಕ್ಷೆಯ ಪ್ರತಿಯನ್ನು ಗುತ್ತಿಗೆದಾರರು ಸಹಿ ಹಾಕಿ ಪಡೆಯುವ ಮುನ್ನ ಪಾಯ ಅಗೆಯತಕ್ಕದ್ದಲ್ಲ. ಮಾಲೀಕರ ಲಿಖಿತ ಸೂಚನೆಯಿಲ್ಲದೆ ನಕ್ಷೆ ಮೀರಿ ಕಟ್ಟಿದ ಭಾಗದ ತೆರವು ವೆಚ್ಚ ಮತ್ತು ದಂಡ ಗುತ್ತಿಗೆದಾರರದ್ದು.’ ಪಾಲಿಕೆಯ ಮುಂದೆ ಈ ಷರತ್ತು ನಿಮ್ಮನ್ನು ಉಳಿಸುವುದಿಲ್ಲ. ಕಳೆದುಕೊಂಡದ್ದನ್ನು ಗುತ್ತಿಗೆದಾರರಿಂದ ವಸೂಲು ಮಾಡುವ ದಾರಿಯಷ್ಟೇ ಉಳಿಯುತ್ತದೆ. ಅದೂ ಇಲ್ಲದವರೇ ಹೆಚ್ಚು.

ನಕ್ಷೆಯ ಆಚೆಗೂ ಅನುಮತಿಗಳಿವೆ. ಅಡ್ಡ ಬಂದ ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯ ಅನುಮತಿ, ಒಳಚರಂಡಿ ಜೋಡಣೆಗೆ ರಸ್ತೆ ಅಗೆತದ ಅನುಮತಿ, ಕಟ್ಟುವ ಅವಧಿಗೆ ತಾತ್ಕಾಲಿಕ ವಿದ್ಯುತ್. ಸ್ವಂತ ವಾಸದ ಮನೆಯಾದರೂ ವೆಚ್ಚ 50 ಲಕ್ಷ ರೂಪಾಯಿ (2025ರ ನವೆಂಬರ್‌ವರೆಗೆ ಈ ಮಿತಿ 10 ಲಕ್ಷ ಇತ್ತು) ದಾಟಿದರೆ ಶೇ 1ರಷ್ಟು ಕಾರ್ಮಿಕ ಕಲ್ಯಾಣ ಸೆಸ್ ಕೂಡ ಇದೆ. ಯಾವುದನ್ನು ಯಾರು ಮಾಡಿಸಬೇಕು ಎಂದು ಪ್ರತಿಯೊಂದರ ಮುಂದೆ ಹೆಸರು ಬರೆದರೆ ಆಮೇಲೆ ಮುಖ ಮುರಿಯುವ ಪ್ರಮೇಯ ಬರುವುದಿಲ್ಲ.

ಇನ್ನು, ಅರ್ಜಿ ವಾಪಸ್ ಬರುವುದು ಬಹುತೇಕ ಎಲ್ಲರೂ ಅಂದುಕೊಂಡಂತೆ ಲಂಚದ ಕಾರಣಕ್ಕೇ ಅಲ್ಲ. ಕ್ರಯಪತ್ರದ ಚಕ್ಕಬಂದಿಗೂ ಖಾತೆಯ ಚಕ್ಕಬಂದಿಗೂ ಹೊಂದುವುದಿಲ್ಲ. ಪತ್ರದಲ್ಲಿ ಪೂರ್ವಕ್ಕೆ ರಸ್ತೆ, ಖಾತೆಯಲ್ಲಿ ಪೂರ್ವಕ್ಕೆ ಯಾರದೋ ಸೈಟು. ಹೆಸರಿನ ಇನಿಷಿಯಲ್ ಆಧಾರ್‌ನಲ್ಲಿ ಹಿಂದೆ, ಪತ್ರದಲ್ಲಿ ಮುಂದೆ. 30×40 ಅಡಿಯ ಸೈಟು ಮೀಟರ್‌ಗೆ ತಿರುಗಿದಾಗ 9.144×12.192, ಅಂದರೆ 111.48 ಚದರ ಮೀಟರ್ ಆಗಬೇಕು. ಯಾರೋ 9×12 ಎಂದು ಬರೆದುಬಿಟ್ಟಿದ್ದರೆ 108 ಆಗುತ್ತದೆ, ಸುಮಾರು 37 ಚದರ ಅಡಿ ಕಾಗದದಲ್ಲೇ ಮಾಯ. ಕಟ್ಟಬಹುದಾದ ವಿಸ್ತೀರ್ಣದ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ಕೃಷಿ ಜಮೀನಿನಲ್ಲಿ ಎದ್ದ ಬಡಾವಣೆಯಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪರಿವರ್ತನೆ ಆದೇಶ ಬೇಕು. ಇವನ್ನೆಲ್ಲ ಅರ್ಜಿಗೆ ಮೊದಲೇ ಮೇಜಿನ ಮೇಲೆ ಹರಡಿಕೊಂಡು ಅಕ್ಷರ ಅಕ್ಷರ ತಾಳೆ ನೋಡಬೇಕಾದವರು ಮಾಲೀಕರೇ. ಮಧ್ಯವರ್ತಿಗೆ ನಿಮ್ಮ ಅಜ್ಜನ ಹೆಸರಿನ ಸರಿಯಾದ ಕಾಗುಣಿತ ಗೊತ್ತಿರುವುದಿಲ್ಲ.

ನಕ್ಷೆ ಬಂದ ಮೇಲೂ ಒಂದು ಕಡೆ ಕಣ್ಣಿಡಬೇಕು, ಅದು ಮಾರ್ಕಿಂಗ್. ನಕ್ಷೆಯ ಸೆಟ್‌ಬ್ಯಾಕ್, ಅಂದರೆ ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗದ ಅಳತೆ ಸೈಟಿನ ಗಡಿಯಿಂದ ಗೋಡೆಯ ಹೊರಮುಖದವರೆಗೆ. ಮೇಸ್ತ್ರಿ ದಾರ ಕಟ್ಟುವುದು ಗೋಡೆಯ ನಡುಗೆರೆಗೆ. ಈ ವ್ಯತ್ಯಾಸ ಮರೆತು ಹೊರಮುಖದ ಅಳತೆಗೇ ನಡುಗೆರೆ ಎಳೆದರೆ ಒಂಬತ್ತು ಇಂಚಿನ ಗೋಡೆಯ ಅರ್ಧ, ನಾಲ್ಕೂವರೆ ಇಂಚು, ಅಂದರೆ 11.4 ಸೆಂಟಿಮೀಟರ್ ಪ್ರತಿ ಬದಿಯಲ್ಲೂ ಹೊರಗೆ ಹೋಗುತ್ತದೆ. ಗಾರೆಯ ದಪ್ಪ ಬೇರೆ. ಒಂದು ಮೀಟರ್ ಬಿಡಬೇಕಾದ ಕಡೆ ಇದೇ ಶೇ 11ರ ಉಲ್ಲಂಘನೆ. ಬೆಂಗಳೂರಿನ 2003ರ ಕಟ್ಟಡ ಬೈಲಾದಲ್ಲಿ ದಂಡ ಕಟ್ಟಿ ಸರಿಪಡಿಸಿಕೊಳ್ಳಲು ಇದ್ದ ಅವಕಾಶ ಶೇ 5 ಮಾತ್ರ. ಯಾರೂ ಮೋಸ ಮಾಡಿಲ್ಲ, ದಾರ ಒಂದು ಗೇಣಿನ ಅರ್ಧ ಸರಿದಿದೆ ಅಷ್ಟೆ. ಪ್ಲಿಂತ್ ಬೀಮಿಗೆ ಕಂಬಿ ಕಟ್ಟುವ ಮುನ್ನ ಎಂಜಿನಿಯರ್ ಜೊತೆ ನಿಂತು ನಾಲ್ಕೂ ಬದಿ ಟೇಪು ಹಿಡಿದು, ಅಳತೆ ಬರೆದು, ಮೂವರೂ ಸಹಿ ಹಾಕಿ. ಆ ಹಂತದಲ್ಲಿ ತಿದ್ದಲು ಒಂದು ದಿನ ಸಾಕು. ಮೋಲ್ಡ್ ಬಿದ್ದ ಮೇಲೆ ತಿದ್ದುವುದಕ್ಕೆ ಜಾಕ್‌ಹ್ಯಾಮರ್ ಬೇಕು.

ಒಸಿ ಬಗ್ಗೆಯೂ ಒಂದು ಮಾತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ, ಕಾಮಗಾರಿ ಸ್ಥಳದಲ್ಲಿ ಅನುಮೋದಿತ ನಕ್ಷೆಯನ್ನು ಪ್ರದರ್ಶಿಸಬೇಕು, ವಿದ್ಯುತ್-ನೀರಿನ ಸಂಪರ್ಕವನ್ನು ಪೂರ್ಣತೆಯ ಅಥವಾ ಸ್ವಾಧೀನಾನುಭವ ಪತ್ರ ನೋಡಿಯೇ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಬೇಕು ಎಂಬ ನಿರ್ದೇಶನಗಳಿವೆ. ಅದಾದ ಮೇಲೆ ನಮ್ಮ ರಾಜ್ಯದಲ್ಲಿ ಮೀಟರ್‌ಗಾಗಿ ಅಲೆದವರ ಪಾಡು ನಿಮ್ಮ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಸಣ್ಣ ಮನೆಗಳಿಗೆ ಒಸಿ ವಿಷಯದಲ್ಲಿ ಸರ್ಕಾರ ಕೊಟ್ಟ ರಿಯಾಯಿತಿಯನ್ನು ‘ನಕ್ಷೆಯೇ ಬೇಡವಂತೆ’ ಎಂದು ಓದಿಕೊಂಡವರೂ ಇದ್ದಾರೆ. ಅದು ತಪ್ಪು. ‘ಅಕ್ರಮ-ಸಕ್ರಮ ಬರುತ್ತೆ ಬಿಡಿ’ ಎಂದು ಸಮಾಧಾನ ಹೇಳುವವರಿಗೂ ನೆನಪಿರಲಿ, ನಿಯಮ ಮೀರಿದ ಕಟ್ಟಡಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು 2017ರ ಜನವರಿಯಲ್ಲಿ.

ಈಗ ಕಾಗದ ಕಳಿಸುವ ವಿಷಯ. ಕ್ರಯಪತ್ರವನ್ನು ಬರೀ ಕಾಗದ ಎಂದುಕೊಳ್ಳಬೇಡಿ. ಅದರಲ್ಲಿ ನಿಮ್ಮ ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ, ಸಹಿ, ಫೋಟೊ, ಅನೇಕ ಪತ್ರಗಳಲ್ಲಿ ಆಧಾರ್ ಅಥವಾ ಪಾನ್ ಸಂಖ್ಯೆ, ಎಲ್ಲಕ್ಕಿಂತ ಮುಖ್ಯವಾಗಿ ಹೆಬ್ಬೆರಳ ಗುರುತು ಇವೆ. 2023ರಲ್ಲಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಪಡೆದ ನೋಂದಾಯಿತ ಪತ್ರಗಳ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಬ್ಯಾಂಕ್ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಬೆಂಗಳೂರಿನಲ್ಲೇ ಬಯಲಾದವು. ಆ ವ್ಯವಸ್ಥೆಗೆ ಒಟಿಪಿ ಬೇಕಿಲ್ಲ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇದ್ದರೆ ಸಾಕು. ಒಂದು ಸಲಕ್ಕೆ 10,000 ರೂಪಾಯಿ ಮಿತಿ ಇದೆ, ಆದರೆ ಅದನ್ನೇ ಮತ್ತೆ ಮತ್ತೆ ಮಾಡಬಹುದು. ಬಳಿಕ ಸರ್ಕಾರ ಆನ್‌ಲೈನ್ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡಿತು. ನೀವು ಮನೆಯಲ್ಲಿ ಮೊಬೈಲ್ ಹಿಡಿದು ಮೂಲಪತ್ರದ ಫೋಟೊ ತೆಗೆದು ಕಳಿಸಿದರೆ ಆ ಮರೆ ಇರುವುದಿಲ್ಲ.

ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವುದು ಎರಡು ನಿಮಿಷದ ಕೆಲಸ. ಮನೆ ಕಟ್ಟುವ ಯೋಚನೆ ಬಂದ ದಿನವೇ ಮಾಡಿಬಿಡಿ. ನೋಂದಣಿ ಕಚೇರಿಯಂಥ ಕಡೆ ಬೆರಳು ಕೊಡಬೇಕಾದಾಗ ಮಾತ್ರ ತೆರೆದರೆ ಸಾಕು.

‘ವಾಟ್ಸ್‌ಆಪ್ ಎನ್‌ಕ್ರಿಪ್ಟ್ ಆಗಿರುತ್ತಲ್ಲ’ ಎಂಬ ಪ್ರಶ್ನೆ ಬರುತ್ತದೆ. ದಾರಿಯಲ್ಲಿ ಯಾರೂ ಓದಲಾಗದು, ನಿಜ. ಸಮಸ್ಯೆ ದಾರಿಯದ್ದಲ್ಲ, ಮನೆಬಾಗಿಲಿನದ್ದು. ಗುತ್ತಿಗೆದಾರ ಅದನ್ನು ಡ್ರಾಫ್ಟ್ಸ್‌ಮನ್‌ಗೆ ದಾಟಿಸುತ್ತಾನೆ, ಅವನು ಮಧ್ಯವರ್ತಿಗೆ, ಮಧ್ಯವರ್ತಿ ಪಾಲಿಕೆಯೆದುರಿನ ಜೆರಾಕ್ಸ್ ಅಂಗಡಿಗೆ. ಅಂಗಡಿಯ ಕಂಪ್ಯೂಟರ್‌ನಲ್ಲಿ ವಾಟ್ಸ್‌ಆಪ್ ವೆಬ್ ಬೆಳಗಿನಿಂದ ರಾತ್ರಿವರೆಗೆ ತೆರೆದೇ ಇರುತ್ತದೆ, ಡೌನ್‌ಲೋಡ್ ಕಡತಕೋಶದಲ್ಲಿ ಊರಿನವರ ಕ್ರಯಪತ್ರಗಳೆಲ್ಲ ಸಾಲಾಗಿ ಕೂತಿರುತ್ತವೆ. ಅಂಗಡಿಯವರು ಕೆಟ್ಟವರೆಂದಲ್ಲ, ಅಳಿಸಲು ಅವರಿಗೆ ಪುರುಸೊತ್ತಿಲ್ಲ. ಹೀಗಾಗಿ ಪೆನ್‌ಡ್ರೈವ್‌ನಲ್ಲಿ ಆ ದಿನಕ್ಕೆ ಬೇಕಾದ ಕಡತವೊಂದನ್ನೇ ಹಾಕಿಕೊಂಡು ಹೋಗಿ, ಅಲ್ಲಿಂದಲೇ ತೆರೆದು ಮುದ್ರಿಸಿಕೊಂಡು ಕಿತ್ತುಕೊಂಡು ಬನ್ನಿ. ವಾಟ್ಸ್‌ಆಪ್ ಮಾಡಲೇಬೇಕಾಯಿತೆಂದರೆ ಮುದ್ರಣವಾದ ಮೇಲೆ ಕಂಪ್ಯೂಟರ್‌ನಲ್ಲಿ ಅಳಿಸುವವರೆಗೆ ಅಲ್ಲೇ ನಿಲ್ಲಿ. ಕಳಿಸುವಾಗಲೂ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆದರೆ ಆ್ಯಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಚಕ್ಕಬಂದಿಯ ಸಣ್ಣ ಅಕ್ಷರ ಮಸುಕಾಗಿ ಅರ್ಜಿ ಮತ್ತೆ ವಾಪಸ್.

ಫ್ಯಾಕ್ಸ್ ಇದಕ್ಕಿಂತ ಸುರಕ್ಷಿತ ಎಂಬ ನಂಬಿಕೆ ಹಳೆಯ ತಲೆಮಾರಿನಲ್ಲೂ ಅಮೆರಿಕದಲ್ಲಿರುವ ನಮ್ಮವರಲ್ಲೂ ಇದೆ. ಅಲ್ಲಿ ಆಸ್ಪತ್ರೆ, ವಕೀಲರ ಕಚೇರಿಗಳಲ್ಲಿ ಫ್ಯಾಕ್ಸ್ ಇನ್ನೂ ಜೀವಂತ. ಆದರೆ ಮಾಮೂಲಿ ಫ್ಯಾಕ್ಸ್‌ಗೆ ಯಾವ ಬೀಗವೂ ಇಲ್ಲ. ಕೊನೆಯಲ್ಲಿ ಬರುವ ‘ಓಕೆ’ ವರದಿ ಹೇಳುವುದು ಇಷ್ಟೇ: ಈ ಸಂಖ್ಯೆಯ ಯಂತ್ರ ಇಷ್ಟು ಪುಟ ಪಡೆಯಿತು. ಟ್ರೇಯಿಂದ ಯಾರು ಎತ್ತಿಕೊಂಡರು ಎಂದು ಅದು ಹೇಳುವುದಿಲ್ಲ. ಒಂದು ಅಂಕಿ ತಪ್ಪಿದರೆ ಬೇರೆಯವರ ಟ್ರೇಯಲ್ಲಿ ಅಷ್ಟೇ ಚೆನ್ನಾಗಿ ಬೀಳುತ್ತದೆ. ಆನ್‌ಲೈನ್ ಫ್ಯಾಕ್ಸ್ ಎಂದರೆ ಮೂರನೆಯವರ ಸರ್ವರ್‌ನಲ್ಲಿ ಇನ್ನೊಂದು ಪ್ರತಿ. ಕಳಿಸಲೇಬೇಕಾದರೆ ಎತ್ತಿಕೊಳ್ಳುವವರು ಯಂತ್ರದ ಬಳಿ ನಿಂತಿದ್ದಾರೆಂದು ಫೋನಿನಲ್ಲಿ ಖಚಿತಪಡಿಸಿಕೊಂಡು, ಮುಖಪುಟದಲ್ಲಿ ಹೆಸರು ಮತ್ತು ಒಟ್ಟು ಪುಟ ಬರೆದು ಕಳಿಸಿ, ಪುಟ ಎಣಿಸಿ ಹೇಳಲು ಕೇಳಿ.

ನಕ್ಷೆಯನ್ನಂತೂ ಫ್ಯಾಕ್ಸ್ ಮಾಡಬೇಡಿ. ಫ್ಯಾಕ್ಸ್ ಮಾಮೂಲಿ ಗುಣಮಟ್ಟದಲ್ಲಿ ಎತ್ತರದ ಒಂದು ಮಿಲಿಮೀಟರ್‌ಗೆ ಎಳೆಯುವುದು ನಾಲ್ಕಕ್ಕೂ ಕಡಿಮೆ ಗೆರೆ, ಫೈನ್‌ನಲ್ಲಿ ಎಂಟಕ್ಕೂ ಕಡಿಮೆ. ಎ1 ಹಾಳೆಯ ನಕ್ಷೆಯನ್ನು ಎ4ಗೆ ಇಳಿಸಿದರೆ ಉದ್ದಳತೆ 2.83 ಪಟ್ಟು ಕುಗ್ಗುತ್ತದೆ. ಎರಡು ಮಿಲಿಮೀಟರ್ ಎತ್ತರದ ಅಂಕಿ 0.7 ಮಿಲಿಮೀಟರ್ ಆಗುತ್ತದೆ. ಮಾಮೂಲಿ ಗುಣಮಟ್ಟದಲ್ಲಿ ಅದಕ್ಕೆ ಸಿಗುವುದು ಎರಡು-ಮೂರು ಗೆರೆ. 3 ಯಾವುದು, 8 ಯಾವುದು ಎಂದು ದೇವರಿಗೇ ಗೊತ್ತು. 1:100 ಎಂಬ ಸ್ಕೇಲೂ ಸುಳ್ಳಾಗುತ್ತದೆ, ಆ ಹಾಳೆಯ ಮೇಲೆ ಪಟ್ಟಿ ಇಟ್ಟು ಅಳೆದವನ ಪಾಯ ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ಹಾಗಾದರೆ ಹೇಗೆ ಕಳಿಸುವುದು? ಮೊದಲು, ಯಾರಿಗೆ ಯಾವುದು ಬೇಕು ಎಂದು ಕೇಳಿಕೊಳ್ಳಿ. ಗುತ್ತಿಗೆದಾರರಿಗೆ ಕ್ರಯಪತ್ರವೂ ಬೇಡ, ಆಧಾರ್ ಕೂಡ ಬೇಡ. ಅವರಿಗೆ ಬೇಕಾದ್ದು ಅನುಮೋದಿತ ನಕ್ಷೆ, ಕಂಬಿಯ ವಿವರವಿರುವ ಸ್ಟ್ರಕ್ಚರಲ್ ನಕ್ಷೆ, ಸೈಟಿನ ಗಡಿ. ನಕ್ಷೆ ಬರೆಯುವವರಿಗೆ ಚಕ್ಕಬಂದಿ ಮತ್ತು ಅಳತೆಯಿರುವ ಷೆಡ್ಯೂಲ್ ಪುಟ, ಖಾತೆ, ಬಡಾವಣೆ ನಕ್ಷೆ ಸಾಕು. ಇಡೀ ಪತ್ರ ಬೇಕಾಗುವುದು ಸ್ಥಳೀಯ ಸಂಸ್ಥೆಯ ಜಾಲತಾಣಕ್ಕೆ, ಅದನ್ನು ನಿಮ್ಮ ಎದುರಿಗೇ ಅಪ್‌ಲೋಡ್ ಮಾಡಿಸಿ. ಆಧಾರ್ ಕೇಳಿದವರಿಗೆ ಮೊದಲ ಎಂಟು ಅಂಕಿ ಮರೆಯಾಗಿ ಕೊನೆಯ ನಾಲ್ಕು ಮಾತ್ರ ಕಾಣುವ ಮಾಸ್ಕ್ ಪ್ರತಿ ಕೊಡಿ, ಆಧಾರ್ ಪ್ರಾಧಿಕಾರದ (ಯುಐಡಿಎಐ) ಜಾಲತಾಣದಲ್ಲೇ ಅದು ಸಿಗುತ್ತದೆ. ಜೆರಾಕ್ಸ್ ಪ್ರತಿಯ ಮೇಲೆ ಅಕ್ಷರಗಳಿಗೆ ತಾಗುವಂತೆ ಅಡ್ಡಲಾಗಿ ‘ಸೈಟ್ ಸಂಖ್ಯೆ ಇಂಥದ್ದರ ನಕ್ಷೆ ಅನುಮೋದನೆಗೆ ಮಾತ್ರ’ ಎಂದು ತಾರೀಕು ಹಾಕಿ ಬರೆಯಿರಿ. ಮೂಲೆಯಲ್ಲಿ ಬರೆದದ್ದನ್ನು ಕತ್ತರಿಸಿ ಮತ್ತೆ ಜೆರಾಕ್ಸ್ ಮಾಡಬಹುದು.

ಇಮೇಲ್ ಮಾಡುವುದಾದರೆ ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಅದೇ ಇಮೇಲ್‌ನಲ್ಲಿ ಬರೆಯದೆ ಫೋನ್ ಮಾಡಿ ಹೇಳಿ. ಇ-ಆಧಾರ್‌ಗೆ ಬರುವ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಜೊತೆಗೆ ಕ್ರಯಪತ್ರವನ್ನೂ ಕಳಿಸಿದ್ದರೆ ಹೆಸರು, ವಯಸ್ಸು ಎರಡೂ ಅದರಲ್ಲೇ ಇವೆ. ಬೀಗದ ಪಕ್ಕದಲ್ಲೇ ಕೀಲಿಕೈ ನೇತುಹಾಕಿದಂತೆ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಮೊಬೈಲ್ ಸಂಖ್ಯೆಯಲ್ಲಿ. ಆನ್‌ಲೈನ್ ಅರ್ಜಿಯಲ್ಲಿ ಮಾಲೀಕರ ಸಂಖ್ಯೆಯ ಜಾಗದಲ್ಲಿ ಮಧ್ಯವರ್ತಿ ತನ್ನದನ್ನು ಹಾಕುತ್ತಾನೆ, ಒಟಿಪಿಗೆ ನಿಮ್ಮನ್ನು ಪದೇಪದೇ ಕೇಳುವ ರಗಳೆ ಬೇಡವೆಂದು. ಆ ಕ್ಷಣದಿಂದ ಆಕ್ಷೇಪಣೆ, ಶುಲ್ಕದ ಸೂಚನೆ, ಗಡುವು ಎಲ್ಲವೂ ಅವನಿಗೆ ಹೋಗುತ್ತವೆ. ‘ಸಾಹೇಬ್ರು ರಜೆ ಮೇಲಿದ್ದಾರೆ’ ಎಂಬ ಉತ್ತರ ತಿಂಗಳುಗಟ್ಟಲೆ ಬರುತ್ತಿರುತ್ತದೆ, ಅಷ್ಟರಲ್ಲಿ ಉತ್ತರ ಕೊಡದ ಅರ್ಜಿ ತಿರಸ್ಕೃತವಾಗಿರುತ್ತದೆ. ಅರ್ಜಿ ಸಲ್ಲಿಸಿದ ದಿನವೇ ಸ್ವೀಕೃತಿ ಸಂಖ್ಯೆ ಪಡೆದು ನಿಮ್ಮ ಫೋನಿನಲ್ಲೇ ಸ್ಥಿತಿ ನೋಡಿ. ಅನುಮೋದಿತ ನಕ್ಷೆ ಎಂದು ಮುದ್ರೆ ಬಿದ್ದ ಹಾಳೆ ಕೈಗೆ ಕೊಟ್ಟರೂ ಅದರ ಸಂಖ್ಯೆಯನ್ನು ಜಾಲತಾಣದಲ್ಲಿ ಅಥವಾ ನಗರ ಯೋಜನೆ ವಿಭಾಗದಲ್ಲಿ ತಾಳೆ ನೋಡದೆ ಪಾಯಕ್ಕೆ ಪೂಜೆ ಮಾಡಬೇಡಿ. ಮುದ್ರೆ ಮಾಡಿಸುವುದು ನೂರಾರು ರೂಪಾಯಿಯ ಕೆಲಸ. ಶುಲ್ಕದ ರಸೀದಿಯಲ್ಲಿ ಪಾವತಿದಾರರಾಗಿ ನಿಮ್ಮ ಹೆಸರಿರಲಿ.

ಕೊಲ್ಲಿ ರಾಷ್ಟ್ರಗಳಲ್ಲಿ, ಅಮೆರಿಕ-ಇಂಗ್ಲೆಂಡ್‌ಗಳಲ್ಲಿ ಇದ್ದುಕೊಂಡು ಊರಲ್ಲಿ ಮನೆ ಕಟ್ಟಿಸುವವರಿಗೆ ಇನ್ನೊಂದು ತೊಡಕು. ಅಣ್ಣನಿಗೋ ಭಾವನಿಗೋ ಕೊಡುವ ಅಧಿಕಾರ ಪತ್ರ, ನಾವು ಜಿಪಿಎ ಎನ್ನುವುದು, ಸ್ಕ್ಯಾನ್ ಅಥವಾ ಫ್ಯಾಕ್ಸ್ ಪ್ರತಿಯಾಗಿ ನಡೆಯುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೊದಲ ಅನುಸೂಚಿಯೇ ಇಂಥ ಅಧಿಕಾರ ಪತ್ರವನ್ನು ವಿದ್ಯುನ್ಮಾನ ರೂಪದಿಂದ ಹೊರಗಿಟ್ಟಿದೆ. ಅಲ್ಲಿನ ನೋಟರಿಯ ಮುಂದೆ ಸಹಿ ಮಾಡಿ, ಅಮೆರಿಕ, ಇಂಗ್ಲೆಂಡ್‌ನಂಥ ದೇಶಗಳಲ್ಲಿ ಅಪೊಸ್ಟಿಲ್ (ಬೇರೆ ದೇಶದಲ್ಲಿ ಮಾನ್ಯವಾಗುವಂತೆ ಅಲ್ಲಿನ ಸರ್ಕಾರ ಕೊಡುವ ದೃಢೀಕರಣ) ಮಾಡಿಸಿ ಅಥವಾ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಮೂಲ ಪ್ರತಿಯನ್ನೇ ಕೊರಿಯರ್ ಮಾಡಬೇಕು. ಅದು ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಕೊರಿಯರ್ ಲಕೋಟೆಯನ್ನು ಎಸೆಯಬೇಡಿ, ಬಂದ ತಾರೀಕಿಗೆ ಅದೇ ಸಾಕ್ಷಿ. ಪತ್ರದಲ್ಲಿ ‘ನಕ್ಷೆ ಅನುಮೋದನೆಗೆ ಅರ್ಜಿ ಹಾಕಲು, ಶುಲ್ಕ ಕಟ್ಟಲು, ನೋಟಿಸ್ ಪಡೆಯಲು, ಒಸಿ ಪಡೆಯಲು’ ಎಂದು ಬಿಡಿಸಿ ಬರೆಸಿ. ಮಾರುವ ಅಧಿಕಾರವನ್ನು ರೂಢಿಗೆ ಬಿದ್ದು ಅದಕ್ಕೆ ಸೇರಿಸುವ ಬರಹಗಾರರಿದ್ದಾರೆ, ಅದನ್ನು ಹೊಡೆದುಹಾಕಿಸಿ. ಇಲ್ಲಿನ ಸೈಟಿನ ಅಂಚೆ ವಿಳಾಸ ಖಾಲಿ ಜಾಗವಾಗಿರುವುದರಿಂದ ನೋಟಿಸ್ ತಲುಪುವ ವಿಳಾಸವನ್ನೂ ಅರ್ಜಿಯಲ್ಲಿ ಕೊಡಿ. 2024ರ ನವೆಂಬರ್ 13ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತೆರವಿಗೆ ಮುನ್ನ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಮತ್ತು 15 ದಿನಗಳ ಕಾಲಾವಕಾಶ ಕಡ್ಡಾಯ ಎಂದಿದೆ. ಅಂಚೆಯಣ್ಣ ಬೀಗ ಹಾಕಿದ ಗೇಟು ನೋಡಿ ಹಿಂದಿರುಗಿದರೆ ನೋಟಿಸ್ ಬಂದದ್ದೇ ನಿಮಗೆ ಗೊತ್ತಾಗದೆ ಹೋಗಬಹುದು.

ಸ್ಥಳೀಯ ಸಂಸ್ಥೆಗಳಿಗೂ ನಗರಾಭಿವೃದ್ಧಿ ಇಲಾಖೆಗೂ ಕೇಳಿಕೊಳ್ಳುವುದು ಹೆಚ್ಚೇನಿಲ್ಲ. ನಕ್ಷೆಯ ಅರ್ಜಿಯಲ್ಲಿ ಮಾಲೀಕರ ಮೊಬೈಲ್ ಸಂಖ್ಯೆಯನ್ನು ಅವರ ಆಧಾರ್‌ಗೆ ಜೋಡಿಸಿದ ಸಂಖ್ಯೆಯೊಂದಿಗೆ ತಾಳೆ ನೋಡಿ ಮಾತ್ರ ಸ್ವೀಕರಿಸಲಿ, ಮಧ್ಯವರ್ತಿಗೆ ಬೇಕಾದರೆ ಎರಡನೆಯ ಸಂಖ್ಯೆಯ ಜಾಗ ಕೊಡಲಿ. ಕ್ರಯಪತ್ರವನ್ನು ಕಾವೇರಿಯಿಂದ, ಖಾತೆಯನ್ನು ತಮ್ಮದೇ ದಾಖಲೆಯಿಂದ ಸಂಖ್ಯೆ ಹಾಕಿ ಎಳೆದುಕೊಳ್ಳುವಂತೆ ಜಾಲತಾಣಗಳನ್ನು ಜೋಡಿಸಿದರೆ ಜನ ಅವನ್ನು ಊರೆಲ್ಲ ಹಂಚುವ ಅಗತ್ಯವೇ ಬೀಳುವುದಿಲ್ಲ. ಪರವಾನಗಿಯ ಹಿಂಬದಿಯಲ್ಲಿ ಮಾಲೀಕ, ಎಂಜಿನಿಯರ್, ಗುತ್ತಿಗೆದಾರ ಈ ಮೂವರ ಹೊಣೆಯನ್ನು ಹತ್ತು ಸಾಲಿನಲ್ಲಿ, ಓದಬಲ್ಲ ಕನ್ನಡದಲ್ಲಿ, ಓದಬಲ್ಲ ಗಾತ್ರದ ಅಕ್ಷರದಲ್ಲಿ ಮುದ್ರಿಸಲಿ. ಕಚೇರಿಯ ಲೆಟರ್‌ಹೆಡ್‌ಗಳಲ್ಲಿ ಇನ್ನೂ ಉಳಿದಿರುವ, ಯಾರೂ ಎತ್ತದ ಫ್ಯಾಕ್ಸ್ ಸಂಖ್ಯೆಗಳನ್ನು ಅಳಿಸಿ, ಅಲ್ಲಿ ನಗರ ಯೋಜನೆ ವಿಭಾಗದ ಅಧಿಕೃತ ಇಮೇಲ್ ವಿಳಾಸವನ್ನು ಹಾಕಲಿ.

ಇಂತಿ,
ಒಬ್ಬ ಸಿವಿಲ್ ಎಂಜಿನಿಯರ್,
ತುಮಕೂರು